ದಾಸ್ತಾನು ವಹಿಯಲ್ಲಿ 64 ಕುರ್ಚಿ, ಕಣ್ಣಿಗೆ ಕಂಡಿದ್ದು 41. ಚಾರ್ಜ್ ಲಿಸ್ಟ್‌ಗೆ ಸಹಿ ಹಾಕಲೇ?

ಕಾಗಿಣಾ ದಂಡೆ:

ಎಲ್ಲರಿಗೂ ನಮಸ್ಕಾರ.

ಕಲಬುರಗಿ ಜಿಲ್ಲೆಯಲ್ಲಿ 2018ರಲ್ಲಿ ಹೊಸ ತಾಲ್ಲೂಕುಗಳಾದವು ಅಲ್ವಾ, ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್. ಅವುಗಳಲ್ಲಿ ಒಂದು ಊರಿನ ಸರ್ಕಾರಿ ಕಚೇರಿಯಲ್ಲಿ ನಾನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ). ಯಾವ ಇಲಾಖೆ ಅಂತ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ನಾಲ್ಕು ವರ್ಷ ಟಪಾಲು ನೋಡಿಕೊಂಡೆ. ಹೋದ ವಾರ ಸ್ಟೋರ್ ವಿಷಯ ನಿರ್ವಾಹಕಿ ಅಂತ ಆದೇಶ ಬಂತು. ಈಗ ಸ್ಟೋರ್ ನೋಡುತ್ತಿರುವ ಹಿರಿಯರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರಿಂದ ನಾನು ಚಾರ್ಜ್ ತಗೊಳ್ಳಬೇಕು.

ಚಾರ್ಜ್ ಲಿಸ್ಟ್, ಅಂದರೆ ಅವರು ನನಗೆ ಒಪ್ಪಿಸುವ ಸಾಮಾನಿನ ಪಟ್ಟಿ, ಮೊದಲೇ ಸಿದ್ಧವಾಗಿತ್ತು. ಟೈಪ್ ಮಾಡಿದ 11 ಪುಟ. ಕೊನೆಯಲ್ಲಿ "ಮೇಲ್ಕಂಡ ಎಲ್ಲಾ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ" ಅನ್ನುವ ಸಾಲು, ಅದರ ಕೆಳಗೆ ನನ್ನ ಹೆಸರು. "ಸುಮ್ನೆ ಸಹಿ ಮಾಡ್ರಿ ಮೇಡಂ, ನಾನೂ ಹಿಂಗೇ ತಗೊಂಡೀನಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. 2018ರ ಲಿಸ್ಟ್ ಹುಡುಕಿ ತೆಗೆದೆ. ಅದೇ ಸಾಲು, ಕೆಳಗೆ ಅವರ ಸಹಿ.

ಎರಡು ದಿನ ಟೈಮ್ ಕೇಳಿದೆ. ನಮ್ಮ ಡಿ ಗ್ರೂಪ್ ಅಣ್ಣನನ್ನು ಜೊತೆಗೆ ಕರೆದುಕೊಂಡು ಕೋಣೆ ಕೋಣೆ ಎಣಿಸಿದೆ.

ವಹಿಯಲ್ಲಿ ಕುರ್ಚಿ 64 ಇವೆ. ನಮಗೆ ಸಿಕ್ಕಿದ್ದು 41. ಕಂಪ್ಯೂಟರಿನ ಲೆಕ್ಕ ಇದಕ್ಕೆ ಉಲ್ಟಾ. ಕಚೇರಿಯಲ್ಲಿ ಇರುವುದೇ 7. ಜಿಲ್ಲೆಗೆ ವರ್ಷವೂ ಕಳಿಸುವ ಎಕ್ಸೆಲ್ ಶೀಟಿನಲ್ಲಿ 16. ಯಾಕಪ್ಪಾ ಅಂತ ನೋಡಿದರೆ, ಒಬ್ಬರು "ಕಂಪ್ಯೂಟರ್ ಸೆಟ್ 7" ಅಂತ ಹಾಕಿದ್ದಾರೆ. ಮುಂದಿನ ವರ್ಷ ಇನ್ನೊಬ್ಬರು ಅವೇ ಯಂತ್ರಗಳನ್ನು "ಸಿಪಿಯು 5", "ಮಾನಿಟರ್ 4" ಅಂತ ಹೊಸ ಸಾಲಿನಲ್ಲಿ ಸೇರಿಸಿದ್ದಾರೆ. ಹಳೆಯ ಸಾಲನ್ನು ಯಾರೂ ತೆಗೆದಿಲ್ಲ. ಈ ವರ್ಷ ನಾವು ಎರಡು ಕಂಪ್ಯೂಟರ್ ಬೇಕು ಅಂತ ಇಂಡೆಂಟ್ (ಬೇಡಿಕೆ ಪತ್ರ) ಕಳಿಸಿದ್ದೆವು. "ನಿಮ್ಮಲ್ಲಿ ಈಗಾಗಲೇ 16 ಇವೆ" ಅಂತ ವಾಪಸ್ ಬಂದಿದೆ. ನನ್ನ ಪಕ್ಕದ ಟೇಬಲ್ಲಿನವರು ಇವತ್ತಿಗೂ ಊಟದ ಹೊತ್ತಿಗೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬಿಲ್ ಮಾಡುತ್ತಾರೆ.

ಅಲಮಾರಿಯ ವಿಷಯ ಸ್ವಲ್ಪ ಉದ್ದ, ಆದರೂ ಹೇಳಲೇಬೇಕು. ರೆಕಾರ್ಡ್ ರೂಮಿನ ಮೂಲೆಯಲ್ಲಿ ಒಂದು ಹಸಿರು ಕಬ್ಬಿಣದ ಅಲಮಾರಿ ಇದೆ. ಅದರ ಬಾಗಿಲ ಒಳಗೆ ಬಿಳಿ ಬಣ್ಣದಲ್ಲಿ ನಮ್ಮ ಕಚೇರಿಯ ನಂಬರ್ ಬರೆದಿದೆ. ಅದರಡಿ ಇನ್ನೇನೋ ಅಕ್ಷರ ಇದ್ದ ಹಾಗಿತ್ತು. ಐದು ರೂಪಾಯಿ ನಾಣ್ಯದಿಂದ ಮೆಲ್ಲಗೆ ಕೆರೆದೆ. ಹಳದಿ ಬಣ್ಣದಲ್ಲಿ ನಮ್ಮ ಮೂಲ ತಾಲ್ಲೂಕಿನ ಹೆಸರು ಬಂತು. ಇನ್ನೂ ಕೆರೆದೆ. ಅದರ ಕೆಳಗೆ ಕಪ್ಪು ಬಣ್ಣದಲ್ಲಿ ಬೇರೆಯೇ ಇಲಾಖೆಯ ಹೆಸರು, ಪಕ್ಕದಲ್ಲಿ "ಗುಲಬರ್ಗಾ". ಇರುವುದು ಒಂದೇ ಅಲಮಾರಿ, ಮೂರು ಕಚೇರಿಯ ವಹಿಯಲ್ಲಿ ಜೀವಂತ. ಮೂಲ ತಾಲ್ಲೂಕಿನವರಿಗೆ ಫೋನ್ ಮಾಡಿ ಕೇಳಿದೆ. ಅವರ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲೂ (ಪೀಠೋಪಕರಣದಂಥ ಬಾಳಿಕೆ ಬರುವ ಸಾಮಾನಿನ ವಹಿ) ಅದು ಇದೆಯಂತೆ, ಪ್ರತಿ ವರ್ಷ "ಪರಿಶೀಲಿಸಿದೆ" ಅಂತ ಷರಾ ಸಮೇತ.

ಹಿತ್ತಲಿನಲ್ಲಿ ಒಂದು ಜೀಪು ನಿಂತಿದೆ. 2006ರ ಮಾಡೆಲ್. ಟೈರು ಮಣ್ಣಲ್ಲಿ ಹೂತುಹೋಗಿವೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ ಅಲ್ವಾ. ಶೀಟಿನಲ್ಲಿ ಮಾತ್ರ ಅದರ ಸ್ಥಿತಿ ಇನ್ನೂ "ಉತ್ತಮ".

ಇಷ್ಟೇ ಆಗಿದ್ದರೆ ವ್ಯತ್ಯಾಸ ಬರೆದು ಸಹಿ ಮಾಡಿಬಿಡುತ್ತಿದ್ದೆ. ಆದರೆ ಆ ಹಿರಿಯರು ಒಳ್ಳೆಯವರು. ನಾನು ಹೊಸದಾಗಿ ಬಂದಾಗ ಟಿಪ್ಪಣಿ ಬರೆಯುವುದನ್ನು ಕಲಿಸಿದ್ದೇ ಅವರು. ಕಚೇರಿಯ ಒಂದು ಸ್ಪೂನ್ ಕೂಡ ಮನೆಗೆ ಒಯ್ದವರಲ್ಲ. ಅವರ ಪಿಂಚಣಿ ಕಾಗದಕ್ಕೆ ನೋ ಡ್ಯೂ ಸರ್ಟಿಫಿಕೇಟ್ (ಕಚೇರಿಗೆ ಬಾಕಿ ಏನೂ ಇಲ್ಲ ಅನ್ನುವ ಪತ್ರ) ಬೇಕು. ನಾನು 23 ಕುರ್ಚಿ ಕೊರತೆ ಅಂತ ಬರೆದರೆ ಅದು ನಿಲ್ಲುತ್ತದೆ. ಮಗಳ ಮದುವೆ ಗೊತ್ತಾಗಿದೆ. ಬರೆಯದೆ ಸಹಿ ಮಾಡಿದರೆ ಆ 23 ಕುರ್ಚಿ ನನ್ನ ತಲೆಗೆ ಬರುತ್ತವೆ, ನನ್ನ ನಂತರ ಬರುವವರ ತಲೆಗೂ.

ಇದರ ಜೊತೆಗೆ ನಿನ್ನೆ ಇನ್ನೊಂದು ಬಿಲ್ ಬಂತು. ಬ್ಯಾಟರಿ ಖರೀದಿಯದು. "ಸಾಮಗ್ರಿ ಸ್ವೀಕರಿಸಿ ದಾಸ್ತಾನು ವಹಿಯ ಪುಟ ಸಂಖ್ಯೆ ಇಷ್ಟರಲ್ಲಿ ನಮೂದಿಸಲಾಗಿದೆ" ಅಂತ ನಾನು ಬರೆದು ಕೊಡಬೇಕಂತೆ. ಬ್ಯಾಟರಿ ಇನ್ನೂ ಬಂದಿಲ್ಲ. "ನಾಳೆ ಬರ್ತಾವ್ರಿ, ಇವತ್ತು ಖಜಾನೆಗೆ ಹೋಗಬೇಕು" ಅಂದರು.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಲಿಸ್ಟಿಗೆ ಹೇಗೆ ಸಹಿ ಮಾಡಲಿ? ಆ ಎಕ್ಸೆಲ್ ಶೀಟನ್ನು ಎಲ್ಲಿಂದ ಸರಿ ಮಾಡಲು ಶುರು ಮಾಡಲಿ? ಬ್ಯಾಟರಿ ಬಿಲ್ಲಿಗೆ ಏನು ಉತ್ತರ ಕೊಡಲಿ? ಸ್ಟೋರ್ ನೋಡಿ ಅನುಭವ ಇರುವವರು ಹೇಳಿ, ಪ್ಲೀಸ್.

ಬೀದರ್ ಕೋಟೆ ಮಗ್ಗಲು:

ತಂಗೀ, ನಿನ್ನ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಬೀದರಿನಲ್ಲಿ 31 ವರ್ಷ ನೌಕರಿ ಮಾಡಿದವ, ಅದರಲ್ಲಿ 19 ವರ್ಷ ಸ್ಟೋರ್. ನಿವೃತ್ತನಾಗಿ ಆರು ವರ್ಷ ಆಯ್ತು.

ಮೊದಲು ಆ ಕೊನೆಯ ಸಾಲು ಬದಲಿಸು. "ದಿನಾಂಕ ಇಂಥದ್ದರಂದು ಭೌತಿಕವಾಗಿ ಎಣಿಸಿ, ಕಂಡುಬಂದಷ್ಟನ್ನು ಮಾತ್ರ ಸ್ವೀಕರಿಸಿದ್ದೇನೆ. ವ್ಯತ್ಯಾಸದ ಪಟ್ಟಿ ಅನುಬಂಧದಲ್ಲಿದೆ" ಅಂತ ಬರೆ. ಅನುಬಂಧಕ್ಕೆ ಕೊಡುವವರು, ತಗೊಳ್ಳುವವರು, ಎಣಿಸುವಾಗ ಜೊತೆಗಿದ್ದವರು, ಮೂವರದೂ ಸಹಿ ಇರಲಿ. ಅದರಲ್ಲಿ "ಕೊರತೆ" ಅಂತ ಬರೆಯಬೇಡ. "ಇಲ್ಲ" ಅಂತಲೂ ಬರೆಯಬೇಡ. "ಎಣಿಕೆಯಲ್ಲಿ ಕಂಡುಬಂದಿಲ್ಲ" ಅಂತ ಬರೆ. ನೀನು ನೋಡಿದ್ದು ಅಷ್ಟೇ ತಾನೇ? ಕೊರತೆ ಹೌದೋ ಅಲ್ಲವೋ ಅನ್ನುವುದನ್ನು ನಿಮ್ಮ ಸಾಹೇಬರು ತೀರ್ಮಾನಿಸಬೇಕು.

ವಹಿಯಲ್ಲಿ ವೈಟ್ನರ್ ಹಚ್ಚಬೇಡ. ಹಳೆಯ ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಮೇಲೆ ಕೆಂಪು ಶಾಯಿಯಲ್ಲಿ ಹೊಸದು ಬರೆದು, ಚಿಕ್ಕ ಸಹಿ, ತಾರೀಖು ಹಾಕು.

ಇನ್ನು ಆ ಹಿರಿಯರ ವಿಷಯ. ಸಹಿಗೆ ಮುಂಚೆ ಅವರನ್ನು ಒಂದು ದಿನ ಪೂರ್ತಿ ನಿನ್ನ ಪಕ್ಕ ಕೂರಿಸಿಕೋ. ನಿಮ್ಮ ಕಚೇರಿಯ ನಿಜವಾದ ದಾಸ್ತಾನು ವಹಿ ಅವರ ತಲೆಯಲ್ಲಿದೆ, ತಿಂಗಳ ಕೊನೆಗೆ ಅದೂ ಮನೆಗೆ ಹೋಗುತ್ತದೆ. ಒಂದೊಂದು ಕುರ್ಚಿಗೂ "ಇದು ಎಲ್ಲಿಗೆ ಹೋಗಿತ್ತು ಸರ್?" ಅಂತ ಕೇಳು. ಚುನಾವಣೆಗೆ ಎಷ್ಟು ಹೋಯ್ತು, ವಾಪಸ್ ಎಷ್ಟು ಬಂತು ಕೇಳು. ಆಗಸ್ಟ್ 15ರ ಕಾರ್ಯಕ್ರಮಕ್ಕೆ ಯಾರು ಒಯ್ದರು, ಮುರಿದದ್ದನ್ನು ಮಾಳಿಗೆ ಮೇಲೆ ಎಸೆದರಾ, ತಾಲ್ಲೂಕು ಒಡೆದಾಗ ವಹಿಯಲ್ಲಿ ಮಾತ್ರ ಬಂದು ಮೂಲ ಊರಿನಲ್ಲೇ ಉಳಿದದ್ದು ಎಷ್ಟು, ಎಲ್ಲಾ ಕೇಳು. ಅವರ ನೋ ಡ್ಯೂಗೆ ಅಡ್ಡ ಆಗಿರುವುದು ನಿನ್ನ ಎಣಿಕೆ ಅಲ್ಲ, ಲೆಕ್ಕ ಸಿಗದಿರುವುದು. ಲೆಕ್ಕ ಸಿಕ್ಕರೆ ಅವರೇ ನಿರಾಳ.

ಬ್ಯಾಟರಿ ಬಿಲ್ಲಿಗೆ ಸಹಿ ಮಾಡಬೇಡ. ಯಾಕೆ ಅಂತ ನನ್ನದೇ ಉದಾಹರಣೆ ಹೇಳುತ್ತೇನೆ. ಒಂದು ಮಳೆಗಾಲ ತಾಡಪತ್ರಿ ಬಂದಿದ್ದವು. ನಾಲ್ಕು ಗಂಟು, ಗಂಟಿಗೆ ಹತ್ತರಂತೆ 40. ಚಲನಿನಲ್ಲಿ ಹಾಗಂತ ಇತ್ತು. ಸಂಜೆ ಆರಾಗಿತ್ತು, ಲಾರಿಯವನಿಗೆ ಅವಸರ. ಗಂಟು ಬಿಚ್ಚದೆ 40 ಅಂತ ವಹಿಗೆ ಏರಿಸಿದೆ. ಬಿಲ್ ಪಾಸಾಯ್ತು. ತಿಂಗಳ ಮೇಲೆ ಬಿಚ್ಚಿದರೆ ಗಂಟಿಗೆ ಎಂಟೇ. ಮುಂದೆ ಆಡಿಟ್ ಪಾರ್ಟಿ ಬಂದು ಹಾಫ್ ಮಾರ್ಜಿನ್, ಅಂದರೆ ಉತ್ತರ ಕೇಳುವ ಆಕ್ಷೇಪಣೆ ಚೀಟಿ, ಕೊಟ್ಟರು. ಎಂಟು ತಾಡಪತ್ರಿಯ ಹಣ ಆರು ತಿಂಗಳು ನನ್ನ ಸಂಬಳದಿಂದ ಹೋಯ್ತು. ಹಣಕ್ಕಿಂತ ಹೆಚ್ಚಾಗಿ, ಆ ಮಳೆಗಾಲದಲ್ಲಿ ಎಂಟು ಮನೆಯವರಿಗೆ "ಸ್ಟಾಕ್ ಮುಗಿದಿದೆ" ಅಂತ ಹೇಳಿ ಕಳಿಸಿದ್ದು ಇನ್ನೂ ನೋಯುತ್ತದೆ.

ಬಾಯಿ ಮಾತಿನಲ್ಲಿ ಬೇಡ, ಫೈಲಿನಲ್ಲೇ ಒಂದು ಸಾಲಿನ ಟಿಪ್ಪಣಿ ಹಾಕು. "ಸಾಮಗ್ರಿ ಸ್ವೀಕೃತವಾದ ನಂತರ ನಮೂದಿಸಿ ದೃಢೀಕರಿಸಲಾಗುವುದು." ಮರ್ಯಾದೆಯಿಂದ ಬರೆದ ಟಿಪ್ಪಣಿಗೆ ಯಾರೂ ಬೈಯುವುದಿಲ್ಲ.

ಸುರಪುರ ತಮ್ಮ:

ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾನೂ ಯಾದಗಿರಿ ಜಿಲ್ಲೆಯಲ್ಲಿ ಇಂಥದ್ದೇ ಕೆಲಸದಲ್ಲಿದ್ದೇನೆ. ಇದನ್ನೆಲ್ಲ ಕೆದಕಿದರೆ ನೀವೇ ಕೆಟ್ಟವರಾಗುತ್ತೀರಿ. ನಮ್ಮ ಜಿಲ್ಲೆ 2009ರ ಡಿಸೆಂಬರಿನಲ್ಲಿ ಆಯ್ತು. ಆಗ ಹಂಚಿಕೆಯಾದ ಸಾಮಾನಿನ ಪಟ್ಟಿ ಇನ್ನೂ ಪೂರ್ತಿ ತಾಳೆ ಆಗಿಲ್ಲದ ಕಚೇರಿ ನಾನೇ ನೋಡಿದ್ದೇನೆ. ನೀವೊಬ್ಬರು ಎಣಿಸಿದರೆ ಏನಾಗುತ್ತದೆ? ಮುಂದಿನ ವರ್ಷ ಇನ್ನೊಬ್ಬರು ಬಂದು ಮತ್ತೆ 64 ಅಂತಲೇ ಬರೆಯುತ್ತಾರೆ. ವರ್ಗಾವಣೆ ತಗೊಂಡು ಬೇರೆ ಟೇಬಲ್ಲಿಗೆ ಹೋಗಿ.

ಕಾಗಿಣಾ ದಂಡೆ:

ತಮ್ಮಾ, ನೀವು ನನ್ನ ಮೇಲಿನ ಕಾಳಜಿಯಿಂದ ಹೇಳಿದಿರಿ ಅಂತ ಗೊತ್ತು. ಆದರೆ ಆ 16ರ ಅಂಕಿಯಿಂದ ನಮಗೆ ಎರಡು ಕಂಪ್ಯೂಟರ್ ತಪ್ಪಿಹೋಗಿದೆ. ಪ್ರಮಾಣಪತ್ರಕ್ಕೆ ಅಂತ ಹಳ್ಳಿಯಿಂದ ಬಂದವರು ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತಿರುತ್ತಾರೆ. ಅದನ್ನು ದಿನಾ ನೋಡುತ್ತೇನೆ. ತಪ್ಪು ಅಂಕಿಯಿಂದ ಯಾರಿಗೂ ನಷ್ಟ ಇಲ್ಲ ಅಂತ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಕಾಕಾ, ನಿಮ್ಮ ಮಾತಿಗೆ ಏನು ಹೇಳಲಿ. ತಾಡಪತ್ರಿ ವಿಷಯ ಎರಡು ಸಲ ಓದಿದೆ. ನಾಳೆಯೇ ಟಿಪ್ಪಣಿ ಹಾಕುತ್ತೇನೆ.

ಸೇಡಂ ರೋಡ್ ಡೇಟಾ:

ಮೇಡಂ, ಎಕ್ಸೆಲ್ ಬಗ್ಗೆ ನಾನು ಹೇಳಬಲ್ಲೆ. ಮೊದಲು ಟ್ಯಾಕ್ಸ್ ಕೆಲಸ ಮಾಡುವವರ ಬಳಿ ಇದ್ದೆ. ಈಗ ಕಲಬುರಗಿಯಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಆಪರೇಟರ್. ನನ್ನ ಹತ್ತಿರ ಬರುವ ಶೀಟುಗಳೆಲ್ಲ ನಿಮ್ಮಂಥ ಕಚೇರಿಗಳಿಂದಲೇ ಬರುವುದು.

ನಿಮ್ಮ ಶೀಟಿನ ಮೂಲ ತೊಂದರೆ ಏನು ಅಂದರೆ, ಒಂದು ಸಾಲಿನಲ್ಲಿ "ಕುರ್ಚಿ 64" ಅಂತ ಸಂಖ್ಯೆ ಹಾಕಿದ್ದೀರಿ. ಆ 64ರಲ್ಲಿ ಯಾವುದು ಹೋಯ್ತು, ಯಾವುದು ಮುರೀತು ಅಂತ ಹೇಳಲು ಅಲ್ಲಿ ಜಾಗವೇ ಇಲ್ಲ. ಬೆಲೆ ಇರುವ ಪ್ರತಿ ವಸ್ತುವಿಗೂ ಒಂದು ಸಾಲು ಕೊಡಿ. ಕಂಪ್ಯೂಟರಿಗೆ ಹಿಂಭಾಗದ ಸೀರಿಯಲ್ ನಂಬರ್ ಹಾಕಿ. ಆಗ ಅದೇ ಯಂತ್ರ ಮೂರು ಹೆಸರಿನಲ್ಲಿ ಬರಲು ಸಾಧ್ಯವೇ ಇಲ್ಲ. ಪೊರಕೆ, ಪೆನ್ನು, ಟೋನರ್ ಥರದ ಖರ್ಚಾಗುವ ಸಾಮಾನು ಬೇರೆ ಹಾಳೆಯಲ್ಲಿರಲಿ, ಅಲ್ಲಿ ಸಂಖ್ಯೆ ಸಾಕು. ಕೊನೆಯಲ್ಲಿ ಎರಡು ಕಾಲಂ ಸೇರಿಸಿ: "ಕೊನೆಯ ಸಲ ಕಣ್ಣಾರೆ ನೋಡಿದ ದಿನಾಂಕ" ಮತ್ತು "ನೋಡಿದವರು". ಈ ಎರಡು ಕಾಲಂ ಖಾಲಿ ಇದ್ದ ಸಾಲನ್ನು ನಾನಂತೂ ನಂಬುವುದಿಲ್ಲ.

ಹೆಸರುಗಳನ್ನು ಕೈಯಿಂದ ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವ ಹಾಗೆ ಮಾಡಿ. ಜಿಲ್ಲೆಯ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯ್ತು. ನನಗೆ ಬಂದ ಒಂದು ಶೀಟಿನಲ್ಲಿ ಇವತ್ತಿಗೂ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಅಂತ ನಾಲ್ಕು ಥರ ಇದೆ. ಫಿಲ್ಟರ್ ಹಾಕಿದರೆ ನಾಲ್ಕು ಜಿಲ್ಲೆ ಕಾಣುತ್ತವೆ! ತಾಲ್ಲೂಕು, ಗ್ರಾಮಗಳಿಗೆ ಕೇಂದ್ರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಕೋಡ್ ಇದೆ. ಅದನ್ನೇ ಹಾಕಿಬಿಡಿ.

ಖರೀದಿ ಲೆಕ್ಕಕ್ಕೂ ಇದೇ ಮಾತು. ಬ್ಯಾಟರಿ ಬಿಲ್ ಅಂದಿರಿ ಅಲ್ವಾ, ಅದರ ಮೇಲಿನ ಜಿಎಸ್‌ಟಿ ನಂಬರ್ ನೋಡಿ. 15 ಅಕ್ಷರ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27. ನಮ್ಮ ಕಡೆಗೆ ಹೈದರಾಬಾದ್, ಸೊಲ್ಲಾಪುರದಿಂದಲೂ ಮಾಲು ಬರುವುದರಿಂದ ಮೂರೂ ಸಿಗುತ್ತವೆ. ಆಮೇಲಿನ ಹತ್ತು ಅಕ್ಷರ ಪ್ಯಾನ್ ನಂಬರ್. ಕೊನೆಯದು ತಾಳೆ ನೋಡುವ ಅಕ್ಷರ, ಮಧ್ಯದಲ್ಲಿ ಒಂದು ತಪ್ಪು ಟೈಪ್ ಮಾಡಿದರೂ ಅದರಿಂದ ಸಿಕ್ಕಿಬೀಳುತ್ತದೆ. ಒಂದೇ ಅಂಗಡಿಯನ್ನು ಒಂದು ಕಡೆ "ಟ್ರೇಡರ್ಸ್", ಇನ್ನೊಂದು ಕಡೆ "ಎಂಟರ್‌ಪ್ರೈಸಸ್" ಅಂತ ಬರೆದಿರುತ್ತಾರೆ. ಹೆಸರು ನೋಡಿದರೆ ಎರಡು ಅಂಗಡಿ, ಪ್ಯಾನ್ ನೋಡಿದರೆ ಒಂದೇ.

ಇದು ಯಾಕೆ ಮುಖ್ಯ ಅಂದರೆ, 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಇರುವ ರಾಜ್ಯದ ಕಾಯ್ದೆ) ಪ್ರಕಾರ ಸಣ್ಣ ಮೊತ್ತದ ಖರೀದಿಗೆ ಟೆಂಡರ್ ಬೇಡ. ಆ ಮಿತಿಯೊಳಗೆ ಇರಲಿ ಅಂತ ದೊಡ್ಡ ಖರೀದಿಯನ್ನೇ ತುಂಡು ತುಂಡು ಮಾಡಿದರೆ ಅದು ತಪ್ಪು. ಆದರೆ ಅಂಗಡಿ ಹೆಸರು ಐದು ಥರ ಬರೆದಿದ್ದರೆ ತುಂಡು ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕು ಬಿಲ್ ನಾಲ್ಕು ಬೇರೆ ಖರೀದಿಯ ಹಾಗೆ ಕಾಣುತ್ತವೆ. ಮೇಲಿನವರು ಉಸ್ತುವಾರಿ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಅವರ ಮುಂದೆ ಇರುವ ಹಾಳೆಯಲ್ಲೇ ಏನೂ ಕಾಣದಿದ್ದರೆ ಅವರು ತಾನೇ ಏನು ಹಿಡಿಯಬೇಕು?

ಜೆಮ್ ಪೋರ್ಟಲ್ (ಸರ್ಕಾರಿ ಕಚೇರಿಗಳು ಖರೀದಿ ಮಾಡುವ ಕೇಂದ್ರದ ಆನ್‌ಲೈನ್ ಮಾರುಕಟ್ಟೆ) ಮೂಲಕ ತಗೊಂಡಿದ್ದರೆ ಇನ್ನೊಂದು ಎಚ್ಚರಿಕೆ. ಮಾಲು ಬಂದ ಮೇಲೆ ಅದನ್ನು ನೋಡಿ ಒಪ್ಪಿಕೊಳ್ಳಲು ಅಥವಾ ತಿರಸ್ಕರಿಸಲು 10 ದಿನ ಇರುತ್ತದೆ. ಪೆಟ್ಟಿಗೆ ಬಿಚ್ಚದೆ ಮೂಲೆಗೆ ಇಟ್ಟು ದಿನ ಕಳೆದರೆ, ಆಮೇಲೆ ಸರಿ ಇಲ್ಲ ಅನ್ನುವುದು ಕಷ್ಟ.

ಔಷಧ ಕಪಾಟು:

ಯಾದಗಿರಿ ಜಿಲ್ಲೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಫಾರ್ಮಸಿಸ್ಟ್. ಸುರಪುರದ ತಮ್ಮ "ಎಣಿಸಿದರೆ ಏನಾಗುತ್ತದೆ" ಅಂದಿದ್ದಕ್ಕೆ ಒಂದು ಮಾತು ಹೇಳಬೇಕು.

ಹೋದ ಬೇಸಿಗೆಯಲ್ಲಿ ನಮ್ಮಲ್ಲಿ ನೆಟ್ ಸರಿ ಇರಲಿಲ್ಲ. ಔಷಧಿ ಕೊಟ್ಟದ್ದನ್ನು ಚೀಟಿಯಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಸಾಫ್ಟ್‌ವೇರಿಗೆ ಏರಿಸುತ್ತಿದ್ದೆ. ಮೇ ತಿಂಗಳ ಎರಡನೇ ವಾರ ಓಆರ್‌ಎಸ್ ಪೊಟ್ಟಣ ಕಪಾಟಿನಲ್ಲಿ 30 ಇದ್ದವು. ಕಂಪ್ಯೂಟರಿನಲ್ಲಿ 400. ನಾನು ಇಂಡೆಂಟ್ ಹಾಕಿದೆ. 400 ಇದೆಯಲ್ಲ ಅಂತ ನಮ್ಮ ಪಾಲು ಬೇರೆ ಕೇಂದ್ರಕ್ಕೆ ಹೋಯ್ತು. ಹಂಚುವವರದೇನೂ ತಪ್ಪಿಲ್ಲ, ಅವರಿಗೆ ಕಾಣುವುದು ಕಂಪ್ಯೂಟರ್ ಅಂಕಿ ಮಾತ್ರ. ಆ ಬಿಸಿಲಲ್ಲಿ ಹೊಲದ ಕೂಲಿಗೆ ಹೋದ ಹೆಂಗಸರು ಸುಸ್ತಾಗಿ ಬರುತ್ತಿದ್ದರು. ನಾಲ್ಕು ದಿನ ಉಪ್ಪು ಸಕ್ಕರೆ ನೀರು ಕಲಸಿ ಕುಡಿಯಿರಿ ಅಂತ ಹೇಳಿ ಕಳಿಸಿದೆ.

ಆಮೇಲೆ ರೂಢಿ ಬದಲಿಸಿದೆ. ನೆಟ್ ಇರಲಿ ಬಿಡಲಿ, ದಿನ ಬಿಟ್ಟು ದಿನ ಐದೇ ಐದು ಔಷಧಿ ಎಣಿಸುತ್ತೇನೆ. ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ನೋಡಿ, ಮೊದಲು ಅವಧಿ ಮುಗಿಯುವುದನ್ನು ಮುಂದಕ್ಕೆ ಇಡುತ್ತೇನೆ. ಹತ್ತು ನಿಮಿಷದ ಕೆಲಸ. ಕುರ್ಚಿಗೂ ಹೀಗೇ ಮಾಡಬಹುದು ಮೇಡಂ. ವರ್ಷಕ್ಕೊಮ್ಮೆ ಎಲ್ಲಾ ಎಣಿಸುವುದು ಇದ್ದೇ ಇದೆ. ಅದರ ಜೊತೆಗೆ ತಿಂಗಳಿಗೆ ಒಂದು ಕೋಣೆ ಎಣಿಸಿ.

ಕಡಗಂಚಿ ಬಸ್:

ನಾನು ಕೇಂದ್ರ ಸರ್ಕಾರಕ್ಕೆ ಸೇರಿದ ಸಂಸ್ಥೆಯಲ್ಲಿ ಇದ್ದೇನೆ. ನಮಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು, ನಿಮಗೆ ರಾಜ್ಯದ ಹಣಕಾಸು ಸಂಹಿತೆ. ಹಾಗಾಗಿ ನಂಬರ್ ನಂಬರಿಗೆ ಹೊಂದುವುದಿಲ್ಲ. ಆದರೂ ನಿಮ್ಮ ಹಿರಿಯರ ಭಯ ಕಡಿಮೆಯಾಗಲಿ ಅಂತ ಒಂದು ವಿಷಯ ಹೇಳುತ್ತೇನೆ.

ನಮ್ಮ ನಿಯಮ 213ರ ಪ್ರಕಾರ ಸ್ಥಿರ ಸಾಮಗ್ರಿಯನ್ನು ವರ್ಷಕ್ಕೆ ಒಮ್ಮೆಯಾದರೂ ಎಣಿಸಬೇಕು. ಸಾಮಾನಿನ ಹೊಣೆ ಹೊತ್ತವರ ಎದುರಿಗೇ ಎಣಿಸಬೇಕು. ವ್ಯತ್ಯಾಸ ಬಂದರೆ ವಹಿಯಲ್ಲಿ ಬರೆದು ವಿಚಾರಣೆ ಮಾಡಬೇಕು. ನಿಯಮ 215 ಗ್ರಂಥಾಲಯದ ಪುಸ್ತಕಗಳದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತ ನಿಯಮವೇ ಒಪ್ಪುತ್ತದೆ, ಅಪ್ರಾಮಾಣಿಕತೆ ಇರಬಾರದು ಅಷ್ಟೇ. ನೋಡಿ, ಜನ ಬಳಸುವ ವಸ್ತು ಸ್ವಲ್ಪ ಕಳೆಯುತ್ತದೆ ಅಂತ ನಿಯಮ ಬರೆದವರಿಗೂ ಗೊತ್ತಿತ್ತು. ಏಳೆಂಟು ವರ್ಷದಲ್ಲಿ ಒಂದು ಕುರ್ಚಿಯೂ ಹೆಚ್ಚುಕಡಿಮೆ ಆಗದ ವಹಿ ಸಿಕ್ಕರೆ ನನಗೆ ಅದರ ಮೇಲೇ ಅನುಮಾನ ಜಾಸ್ತಿ.

ಹಾಳಾದ ಕಂಪ್ಯೂಟರ್, ಯುಪಿಎಸ್ ಇದ್ದರೆ ಗುಜರಿಯವರಿಗೆ ಕೊಡಬೇಡಿ. 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಉತ್ಪಾದಕರು, ದುರಸ್ತಿ ಮಾಡುವವರು ಅಥವಾ ಮರುಬಳಕೆ ಘಟಕದವರಿಗೇ ಹೋಗಬೇಕು. ಕೊಟ್ಟ ರಸೀದಿ ಫೈಲಿನಲ್ಲಿಡಿ.

ಕಾಗಿಣಾ ದಂಡೆ:

ಮೂರು ವಾರ ಆಯ್ತು. ಎಲ್ಲರಿಗೂ ಏನಾಯ್ತು ಅಂತ ಹೇಳಬೇಕು.

ಬ್ಯಾಟರಿ ಬಿಲ್ಲಿಗೆ ಕಾಕಾ ಹೇಳಿದ ಸಾಲನ್ನೇ ಹಾಕಿದೆ. ಒಂದು ದಿನ ಎಲ್ಲರೂ ಮುಖ ಗಂಟಿಕ್ಕಿಕೊಂಡಿದ್ದರು. ಬ್ಯಾಟರಿ ಬಂದಿದ್ದು ಮರುದಿನ ಅಲ್ಲ, ಒಂಬತ್ತನೇ ದಿನ. ಆರ್ಡರಿನಲ್ಲಿ ಬ್ಯಾಟರಿಯ ಸಾಮರ್ಥ್ಯ 150 ಆಂಪಿಯರ್ ಅವರ್ ಅಂತ ಇತ್ತು. ಬಂದ ನಾಲ್ಕರಲ್ಲಿ ಎರಡರ ಮೇಲೆ 120 ಅಂತ ಬರೆದಿತ್ತು. ನಾನೇ ಬಗ್ಗಿ ಒಂದೊಂದರ ಲೇಬಲ್ ಓದಿದೆ, ಸೀರಿಯಲ್ ನಂಬರ್ ಬರೆದುಕೊಂಡೆ. ಎರಡು ವಾಪಸ್ ಹೋದವು, ಬದಲಿ ಬಂದವು. ಬಿಲ್ ಆಮೇಲೆ ಖಜಾನೆಗೆ ಹೋಯ್ತು. ಸಾಹೇಬರು ಏನೂ ಅನ್ನಲಿಲ್ಲ. ಆದರೆ ಈಗ ಬೇರೆ ಬಿಲ್ ಬಂದರೂ "ಸಾಮಾನು ನೋಡಿದ್ರಾ ಮೇಡಂ?" ಅಂತ ಕೇಳಿಯೇ ಸಹಿ ಮಾಡುತ್ತಾರೆ.

ಹಿರಿಯರನ್ನು ಕೂರಿಸಿಕೊಂಡು ಕೇಳುವುದಕ್ಕೆ ನನಗೆ ಸಂಕೋಚ ಇತ್ತು. ಅವರೇ ಒಂದು ಭಾನುವಾರ ಬಂದರು, ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು. ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಕೂತೆವು. ಮೊದಲ ಅರ್ಧ ಗಂಟೆ ಅವರು ನನ್ನ ಮುಖ ನೋಡಲಿಲ್ಲ. ವ್ಯತ್ಯಾಸದ ಪಟ್ಟಿಯಲ್ಲಿ "ಕಂಡುಬಂದಿಲ್ಲ" ಅಂತ ಬರೆದಿರುವುದನ್ನು ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಮಾತು ಶುರುವಾಯ್ತು.

9 ಕುರ್ಚಿ 2024ರ ಮೇ ತಿಂಗಳ ಚುನಾವಣೆಗೆ ಅಂತ ಹೋಗಿ ವಾಪಸ್ ಬರಲೇ ಇಲ್ಲ. ಯಾವ ಕಟ್ಟಡದಲ್ಲಿ ಇಳಿಸಿದ್ದು ಅಂತ ಅವರಿಗೆ ನೆನಪಿತ್ತು. ಸೋಮವಾರ ಹೋಗಿ ನೋಡಿದರೆ ಒಂಬತ್ತೂ ಅಲ್ಲೇ ಇದ್ದವು, ನಮ್ಮ ನಂಬರ್ ಸಮೇತ. 6 ಮುರಿದು ಮಾಳಿಗೆ ಮೇಲೆ ಇದ್ದವು. ಅಲ್ಲಿಗೆ ನಾನು ಹತ್ತಿರಲಿಲ್ಲ. 3 ತಾಲ್ಲೂಕು ಒಡೆದಾಗ ಕಾಗದದಲ್ಲಿ ಮಾತ್ರ ಬಂದವು, ಮೂಲ ಕಚೇರಿಯವರು ಅದನ್ನು ಪತ್ರದಲ್ಲಿ ಒಪ್ಪಿದ್ದಾರೆ. ಉಳಿದದ್ದು 5. ಅದಕ್ಕೆ ಅವರಿಗೂ ಉತ್ತರ ಗೊತ್ತಿಲ್ಲ, ನನಗೂ ಇಲ್ಲ. ಹಾಗಂತಲೇ ಬರೆದಿದ್ದೇವೆ. 5 ಪ್ಲಾಸ್ಟಿಕ್ ಕುರ್ಚಿ, ಎಲ್ಲಾ ಏಳೆಂಟು ವರ್ಷ ಹಳೆಯವು. ಲೆಕ್ಕದಿಂದ ತೆಗೆಯಲು ಸಾಹೇಬರು ಮೇಲಿನ ಕಚೇರಿಗೆ ಪ್ರಸ್ತಾವ ಕಳಿಸಿದ್ದಾರೆ. ನೋ ಡ್ಯೂ ಕಾಗದ ಹಿರಿಯರ ಕೈಗೆ ನಿವೃತ್ತಿಗೆ ಎರಡು ದಿನ ಮುಂಚೆಯೇ ಸಿಕ್ಕಿತು. ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದಿದ್ದಾರೆ.

ಅಲಮಾರಿ ನಮ್ಮದೇ ಅಂತ ಮೂಲ ತಾಲ್ಲೂಕಿನವರು ಬರೆದುಕೊಟ್ಟು ತಮ್ಮ ವಹಿಯಲ್ಲಿ ಹೊಡೆದು ಹಾಕಿದರು. ಮೂರನೇ ಇಲಾಖೆಯವರಿಂದ ಇನ್ನೂ ಉತ್ತರ ಬಂದಿಲ್ಲ. ಜೀಪಿನ ಕಾಗದ ಶುರು ಮಾಡಿದ್ದೇವೆ. ಅದಕ್ಕೆ ಸಮಯ ಹಿಡಿಯುತ್ತದೆ.

ಸೇಡಂ ರೋಡ್ ಸರ್, ನೀವು ಹೇಳಿದ ಹಾಗೆ ಒಂದೊಂದಕ್ಕೂ ಒಂದು ಸಾಲು ಮಾಡಿದೆ. ಕಂಪ್ಯೂಟರ್ ಈಗ 7 ಸಾಲು, 7 ಸೀರಿಯಲ್ ನಂಬರ್. ಜಿಲ್ಲೆಗೆ ಕಳಿಸಿದಾಗ "ಹೋದ ವರ್ಷ 16 ಇತ್ತು, 9 ಎಲ್ಲಿ?" ಅಂತ ಫೋನ್ ಬಂತು. ಕೈ ನಡುಗಿತು. ಹಳೆಯ ಮೂರು ಸಾಲು ಯಾವುವು, ಹೊಸದರಲ್ಲಿ ಅವು ಎಲ್ಲಿವೆ ಅಂತ ಬೇರೆ ಹಾಳೆಯಲ್ಲಿ ಮೊದಲೇ ಬರೆದಿಟ್ಟಿದ್ದೆ. ಅದನ್ನು ಕಳಿಸಿದೆ. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿ, ನಮ್ಮ ಇಂಡೆಂಟ್ ಇನ್ನೊಮ್ಮೆ ಕಳಿಸಿ ಅಂದರು. ಕಂಪ್ಯೂಟರ್ ಇನ್ನೂ ಬಂದಿಲ್ಲ. ಕಳಿಸಿದ್ದೇನೆ.

ಜಿಲ್ಲೆಯ ಶೀಟಿನಲ್ಲಿ ಸ್ಥಿತಿ ಅನ್ನುವ ಕಾಲಂಗೆ "ಉತ್ತಮ", "ದುರಸ್ತಿ", "ನಿರುಪಯುಕ್ತ" ಅಂತ ಮೂರೇ ಆಯ್ಕೆ ಇವೆ. "ಕಂಡುಬಂದಿಲ್ಲ" ಅನ್ನುವುದು ಇಲ್ಲವೇ ಇಲ್ಲ. ಅದು ಇಲ್ಲದ್ದರಿಂದಲೇ ಎಲ್ಲರೂ "ಉತ್ತಮ" ಅಂತ ಹಾಕುತ್ತಾರೆ ಅನಿಸಿತು. ಸೇರಿಸಿ ಅಂತ ಪತ್ರ ಬರೆದಿದ್ದೇನೆ.

ಈಗ ಒಂದೇ ಪ್ರಶ್ನೆ ಉಳಿದಿದೆ. ಎಲ್ಲದಕ್ಕೂ ಹೊಸ ನಂಬರ್ ಹಾಕಬೇಕು. ಕಲಬುರಗಿಯಿಂದ ಸ್ಟಿಕ್ಕರ್ ಮಾಡಿಸಿ ತಂದಿದ್ದೆ. ಕಿಟಕಿ ಪಕ್ಕದ ಅಲಮಾರಿಯ ಮೇಲಿನವು ನಮ್ಮ ಬಿಸಿಲಿಗೆ ಹತ್ತೇ ದಿನಕ್ಕೆ ಅಂಚು ಎದ್ದಿವೆ. ಬಣ್ಣದಲ್ಲಿ ಬರೆದರೆ ಮತ್ತೆ ಯಾರೋ ಮೇಲೆ ಬರೆಯುತ್ತಾರೆ. ಏನು ಮಾಡಲಿ ಕಾಕಾ?

ಬೀದರ್ ಕೋಟೆ ಮಗ್ಗಲು:

ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಕಿಯ ಪಂಚ್ ಸೆಟ್ ಸಿಗುತ್ತದೆ ತಂಗೀ, ಸೊನ್ನೆಯಿಂದ ಎಂಟರ ತನಕ ಒಂಬತ್ತು ಮೊಳೆ. ಆರನ್ನೇ ತಿರುಗಿಸಿದರೆ ಒಂಬತ್ತು. ಕಬ್ಬಿಣದ್ದಕ್ಕೆ ಸುತ್ತಿಗೆಯಿಂದ ಹೊಡೆ, ಹೊರಗೆ ಬೇಡ, ಬಾಗಿಲ ಒಳ ಅಂಚಿನ ಕೆಳಗೆ ಹೊಡೆ. ಅಲ್ಲಿಗೆ ಪೇಂಟರ್ ಕೈ ಹೋಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಕಾಯಿಸಿದ ಮೊಳೆಯಿಂದ ಸೀಟಿನ ಅಡಿ ಬರೆ. ಹೊಡೆಯುವ ಮುಂಚೆ ವಹಿಯಲ್ಲಿ ನಂಬರ್ ಬರೆದಿರು. ಮೊದಲು ಹೊಡೆದು ಆಮೇಲೆ ಬರೆಯಲು ಹೋಗಿ ನಾನು ಎರಡು ಮೇಜಿಗೆ ಒಂದೇ ನಂಬರ್ ಕೊಟ್ಟಿದ್ದೆ.

ಕಾಗಿಣಾ ದಂಡೆ:

ಆಯ್ತು ಕಾಕಾ. ಹಸಿರು ಅಲಮಾರಿಯಿಂದಲೇ ಶುರು ಮಾಡುತ್ತೇನೆ. ವಹಿಯಲ್ಲಿ ಅದಕ್ಕೆ 1 ಅಂತ ಬರೆದಾಯ್ತು.